ಉಂಡ ಮನೆಗೆ ಎರಡು ಬಗೆದವರು

ಊರಲ್ಲಿ ಮಾರ್ಚ್ ಎಂದರೆ ಸೆಕೆ, ಗೇರುಹಣ್ಣು, ಮಕ್ಕಳ ಪರೀಕ್ಷೆ. ಜುಬೈಲಿನ ನಮ್ಮ ಕ್ಯಾಂಪಿನಲ್ಲಿ ನನಗೊಬ್ಬನಿಗೆ ಮಾರ್ಚ್ ಎಂದರೆ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್. ರೂಮಿನವರು ಐಪಿಎಲ್ ಎಂದು ಕಾಯುತ್ತಿರುವಾಗ ನಾನು ರಾತ್ರಿ ಎರಡು ಗಂಟೆಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಂಚದ ಮೂಲೆಯಲ್ಲಿ ಫೋನ್ ನೋಡುತ್ತಾ ಕೂತಿರುತ್ತೇನೆ. ಉಪ್ಪಳದ ಜೀನಸು ಅಂಗಡಿಯವರ ಮಗನಿಗೆ ಇದೆಂತ ಹುಚ್ಚು ಎಂದು ನೀವು ಕೇಳಬಹುದು.

ಹುಚ್ಚು ಹಿಡಿಸಿದ್ದು ಅಮೆರಿಕದ ಇಂಡಿಯಾನಾ ರಾಜ್ಯದ ಒಬ್ಬರು ಹಿರಿಯ ಇನ್‌ಸ್ಪೆಕ್ಟರ್. 2018ರಲ್ಲಿ ಒಂದು ಶಟ್‌ಡೌನ್ ಕೆಲಸದಲ್ಲಿ ನಾನು ಅವರ ಕೈಕೆಳಗಿದ್ದೆ. ಬಾಯ್ಲರಿನ ಒಳಗೆ ತೂರಿ ವೆಲ್ಡಿಂಗ್ ಪರೀಕ್ಷಿಸುವ ಕೆಲಸ. ಅವರ ಹೆಲ್ಮೆಟ್ಟಿನ ಮೇಲೆ 'ಪರ್ಡ್ಯೂ ಬಾಯ್ಲರ್‌ಮೇಕರ್ಸ್' ಎಂಬ ಸ್ಟಿಕರ್ ಇತ್ತು. ಪರ್ಡ್ಯೂ ಎಂಬುದು ಇಂಜಿನಿಯರಿಂಗಿಗೆ ಹೆಸರಾದ ವಿಶ್ವವಿದ್ಯಾಲಯ. 1891ರಲ್ಲಿ ಎದುರಾಳಿ ಕಾಲೇಜಿನ ಊರಿನ ಪತ್ರಿಕೆಯೊಂದು ಅವರ ಫುಟ್‌ಬಾಲ್ ತಂಡವನ್ನು ಬಾಯ್ಲರ್ ಮಾಡುವ ದಾಂಡಿಗರು ಎಂದು ಹೀಯಾಳಿಸಿತಂತೆ. ಅವರು ಅದನ್ನೇ ಹೆಸರಾಗಿ ಇಟ್ಟುಕೊಂಡರು. ದಿನವಿಡೀ ಬಾಯ್ಲರಿನ ಮಸಿ ಮೆತ್ತಿಕೊಳ್ಳುವ ನನಗೆ ಆ ಕಥೆ ಕೇಳಿದ ದಿನದಿಂದ ಅದು ನಮ್ಮದೇ ತಂಡ ಅನಿಸಿತು.

ಈ ಆಟದ ಗಮ್ಮತ್ತು ಎಂತದ್ದೆಂದರೆ, ಮಾರ್ಚಿನಲ್ಲಿ ಕಾಲೇಜು ತಂಡಗಳ ಒಂದು ಟೂರ್ನಮೆಂಟ್ ನಡೆಯುತ್ತದೆ, 2025ರಲ್ಲಿ ಅದರಲ್ಲಿ 68 ತಂಡಗಳಿದ್ದವು. ಒಮ್ಮೆ ಸೋತರೆ ಮನೆಗೆ. 2023ರಲ್ಲಿ ನಮ್ಮ ಪರ್ಡ್ಯೂ ಮೊದಲ ಶ್ರೇಯಾಂಕದ ತಂಡ. ಏಳು ಅಡಿ ನಾಲ್ಕು ಇಂಚು ಎತ್ತರದ ಝ್ಯಾಕ್ ಈಡಿ ಎಂಬ ಕೆನಡಾದ ಹುಡುಗ ನಮ್ಮಲ್ಲಿದ್ದ. ಎದುರಿಗಿದ್ದದ್ದು ಫೇರ್ಲಿ ಡಿಕಿನ್ಸನ್, ಕೊನೆಯ ಶ್ರೇಯಾಂಕದ ತಂಡ, ಇಡೀ ಡಿವಿಷನ್ನಿನಲ್ಲೇ ಕುಳ್ಳರ ತಂಡ. 63-58ರಲ್ಲಿ ನಾವು ಸೋತೆವು. ಮರುದಿನ ಡ್ಯೂಟಿಯಲ್ಲಿ ನನ್ನ ಮುಖ ನೋಡಿ, ಊರಲ್ಲಿ ಯಾರಾದರೂ ತೀರಿಕೊಂಡರಾ ಎಂದು ಫೋರ್‌ಮ್ಯಾನ್ ಕೇಳಿದ.

ಮುಂದಿನ ವರ್ಷ ಅದೇ ಹುಡುಗರು ಫೈನಲ್‌ವರೆಗೆ ಹೋದರು. 1969ರ ನಂತರ ಪರ್ಡ್ಯೂ ಫೈನಲ್ ಕಂಡಿರಲಿಲ್ಲ. ನಮಗದು 2024ರ ರಮಳಾನಿನ ಕೊನೆಯ ನೋಂಬು. ಸಹರಿ ಮಾಡಿ, ಸುಬಹಿ ನಮಾಝ್ ಮುಗಿಸಿ ರೂಮಿಗೆ ಬಂದಾಗ ಆಟ ಶುರುವಾಗುವ ಹೊತ್ತು. ಈಡಿ 37 ಪಾಯಿಂಟ್ ಹೊಡೆದ. ಆದರೂ ಕನೆಕ್ಟಿಕಟ್ 75-60ರಲ್ಲಿ ಗೆದ್ದಿತು. ಅವರ ಪರವಾಗಿ ಚೆನ್ನಾಗಿ ಆಡಿದ ಟ್ರಿಸ್ಟನ್ ನ್ಯೂಟನ್ ಈಸ್ಟ್ ಕೆರೊಲಿನಾದಿಂದ ಬಂದವನು. ಕ್ಯಾಮ್ ಸ್ಪೆನ್ಸರ್ ರಟ್ಗರ್ಸ್‌ನಿಂದ ಬಂದವನು. "ಹೊರಗಿನವರನ್ನು ತಂದು ಗೆದ್ದರು" ಎಂದು ನಾನು ಗೊಣಗಿದೆ. ನಮ್ಮ ಲ್ಯಾನ್ಸ್ ಜೋನ್ಸ್ ಕೂಡ ಅದೇ ವರ್ಷ ಸದರ್ನ್ ಇಲಿನಾಯ್‌ಯಿಂದ ಬಂದವನು ಎಂಬುದು ಆಗ ನೆನಪಾಗಲಿಲ್ಲ. ಬಂದವನು ನಮ್ಮವನು, ಹೋದವನು ದ್ರೋಹಿ. ಅಭಿಮಾನಿಯ ಲೆಕ್ಕ ಹೀಗೆಯೇ.

ಫೈನಲ್ ಮುಗಿದ ಕೆಲವೇ ವಾರಗಳಲ್ಲಿ ಮೇಸನ್ ಗಿಲ್ಲಿಸ್ ಡ್ಯೂಕ್ ಸೇರಿದ. 2025ರಲ್ಲಿ ಕ್ಯಾಮ್ಡನ್ ಹೈಡ್ ಟೆಕ್ಸಸ್‌ಗೆ, ಮೈಲ್ಸ್ ಕಾಲ್ವಿನ್ ವೇಕ್ ಫಾರೆಸ್ಟ್‌ಗೆ ಹೋದರು. ಆ ವಸಂತದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪುರುಷ ಆಟಗಾರರು 'ಟ್ರಾನ್ಸ್‌ಫರ್ ಪೋರ್ಟಲ್'ನಲ್ಲಿ ಹೆಸರು ಹಾಕಿದ್ದರು. ತಂಡ ಬಿಡುತ್ತೇನೆ, ಬೇಕಾದವರು ಮಾತಾಡಿ ಎಂದು ಹೇಳುವ ಪಟ್ಟಿ ಅದು. ನನಗೆ ಸಿಟ್ಟು ಬಂತು. ನಿವೃತ್ತರಾಗಿ ಊರಿಗೆ ಹೋಗಿದ್ದ ಇನ್‌ಸ್ಪೆಕ್ಟರಿಗೆ ವಾಟ್ಸಾಪಿನಲ್ಲಿ ಬರೆದೆ: "ಆಟ ಕಲಿಸಿ, ಅನ್ನ ಹಾಕಿದ ಕಾಲೇಜಿನ ಋಣ ಇವರಿಗೆ ಇಲ್ಲವಾ?"

ಅವರ ಉತ್ತರ ಒಂದೇ ಸಾಲು: "ನಿನಗೆ ರಿಲೀಸ್ ಕೊಡದ ಕಂಪೆನಿಯೂ ಇದನ್ನೇ ಹೇಳಿತ್ತಲ್ಲ?"

ಗಲ್ಫಿನಲ್ಲಿ ಇದ್ದವರಿಗೆ ರಿಲೀಸ್ ಎಂದರೆ ಎಂತ ಎಂದು ಬಿಡಿಸಿ ಹೇಳಬೇಕಾಗಿಲ್ಲ. 2016ರಲ್ಲಿ ನಾನು ಇನ್ನೊಂದು ಕಂಪೆನಿಯಲ್ಲಿದ್ದೆ. ಬೇರೆ ಕಡೆಯಿಂದ ಒಳ್ಳೆಯ ಆಫರ್ ಬಂತು, ತಿಂಗಳಿಗೆ ಸಾವಿರ ರಿಯಾಲ್ ಜಾಸ್ತಿ. ಇಖಾಮ ಬದಲಿಸಲು ಕಫೀಲ್ ಒಪ್ಪಬೇಕಿತ್ತು. ಮೂರು ಸಲ ಆಫೀಸಿನ ಬಾಗಿಲಲ್ಲಿ ನಿಂತೆ. ನಿನ್ನನ್ನು ಇಲ್ಲಿಗೆ ಕರೆಸಿದ್ದು ನಾವು, ಕೆಲಸ ಕಲಿಸಿದ್ದು ನಾವು, ಈಗ ಬೇರೆಯವನಿಗೆ ದುಡಿಯಲು ಹೋಗುತ್ತೀಯಾ ಎಂದರು. ಕೊನೆಗೆ ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಬಂದೆ. ಅಷ್ಟರಲ್ಲಿ ಆ ಆಫರ್ ಹೋಗಿತ್ತು. ಒಂಬತ್ತು ತಿಂಗಳು ಅಂಗಡಿಯಲ್ಲಿ ಅಕ್ಕಿ ತೂಗಿದೆ. ಹೊಸ ವೀಸಾಕ್ಕೆ ಉಮ್ಮನ ಬಳೆ ಅಡವಿಟ್ಟೆವು.

ಅಮೆರಿಕದ ಈ ಹುಡುಗರಿಗೂ ಹಾಗೆಯೇ ಇತ್ತು. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ವರ್ಷ ಆಡದೆ ಬೆಂಚಿನಲ್ಲಿ ಕೂರಬೇಕಿತ್ತು. ನಾಲ್ಕೈದು ವರ್ಷದ ಆಟದ ಆಯುಷ್ಯದಲ್ಲಿ ಒಂದು ವರ್ಷ! ಆದರೆ ಕೋಚ್‌ಗಳಿಗೆ ಅಂಥ ಕಟ್ಟುಪಾಡು ಇರಲಿಲ್ಲ. 2023ರಲ್ಲಿ ನಮ್ಮನ್ನು ಸೋಲಿಸಿದ ಫೇರ್ಲಿ ಡಿಕಿನ್ಸನ್ನಿನ ಕೋಚ್ ಟೋಬಿನ್ ಆಂಡರ್ಸನ್ ಒಂದು ವಾರದೊಳಗೆ ಅಯೋನಾ ಎಂಬ ಇನ್ನೊಂದು ಕಾಲೇಜಿಗೆ ಹೋದರು. ಕೋಚ್ ಬಿಟ್ಟು ಹೋದರೆ ಅದಕ್ಕೆ ಬಡ್ತಿ ಎಂದು ಹೆಸರು.

ಹಣದ ವಿಷಯ ಇನ್ನೂ ವಿಚಿತ್ರ. ಟೂರ್ನಮೆಂಟಿನ ಟಿವಿ ಹಕ್ಕಿಗೆ 2010ರಲ್ಲಿ ಆದ ಒಪ್ಪಂದ 14 ವರ್ಷಕ್ಕೆ 1080 ಕೋಟಿ ಡಾಲರ್. ಆಡುವವರಿಗೆ ಸಿಗುತ್ತಿದ್ದದ್ದು ಫೀಸು, ರೂಮು, ಊಟ. ಸಂಬಳ ಕೊಟ್ಟರೆ ಅವರು ವಿದ್ಯಾರ್ಥಿಗಳಾಗಿ ಉಳಿಯುವುದಿಲ್ಲ ಎಂಬುದು ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ವಾದ. 'ವಿದ್ಯಾರ್ಥಿ-ಆಟಗಾರ' ಎಂಬ ಪದವನ್ನು 1950ರ ದಶಕದಲ್ಲಿ ಅವರೇ ಹುಟ್ಟಿಸಿದ್ದು. ಆಟದಲ್ಲಿ ಏಟು ಬಿದ್ದವರು ಕಾರ್ಮಿಕರ ಪರಿಹಾರ ಕೇಳಬಾರದು ಎಂಬುದೇ ಅದರ ಹಿಂದಿನ ಉದ್ದೇಶ. ಆ ಸಂಸ್ಥೆಯನ್ನು ಕಟ್ಟಿದ ವಾಲ್ಟರ್ ಬೈಯರ್ಸ್ ಅವರೇ ಮುದಿ ವಯಸ್ಸಿನಲ್ಲಿ ಪುಸ್ತಕ ಬರೆದು ಈ ವ್ಯವಸ್ಥೆಯನ್ನು ಟೀಕಿಸಿದರು. ನಮ್ಮಲ್ಲಿ 'ಫ್ರೀ ವೀಸಾ' ಎನ್ನುತ್ತೇವೆ. ಅದರಲ್ಲಿ ಫ್ರೀ ಏನೂ ಇಲ್ಲ ಎಂದು ಅದಕ್ಕೆ ದುಡ್ಡು ಕೊಟ್ಟವನಿಗೆ ಗೊತ್ತು. ಇದೂ ಅಂಥದ್ದೇ ಹೆಸರು.

2014ರಲ್ಲಿ ಕನೆಕ್ಟಿಕಟ್ ಚಾಂಪಿಯನ್ ಆಯಿತು. ಅದರ ಮುಖ್ಯ ಆಟಗಾರ ಶಬಾಝ್ ನೇಪಿಯರ್, ಕೆಲವು ರಾತ್ರಿ ಹಸಿದ ಹೊಟ್ಟೆಯಲ್ಲೇ ಮಲಗುತ್ತೇನೆ ಎಂದು ಪತ್ರಕರ್ತರ ಎದುರು ಹೇಳಿದ. ಅದೇ ತಿಂಗಳು ಎನ್‌ಸಿಎಎ ಆಟಗಾರರ ಊಟದ ಮಿತಿ ತೆಗೆದುಹಾಕಿತು. ಲಕ್ಷಾಂತರ ಜನ ಟಿವಿಯಲ್ಲಿ ನೋಡುವ ಹುಡುಗ ಹಸಿವೆ ಎಂದು ಬಾಯಿ ಬಿಟ್ಟು ಹೇಳುವವರೆಗೆ ಯಾರಿಗೂ ಕಾಣಿಸಿರಲಿಲ್ಲ.

ನಮ್ಮ ಕಾಸರಗೋಡಿನ ಸೆವೆನ್ಸ್ ಫುಟ್‌ಬಾಲ್ ನೋಡಿದವರಿಗೆ ಇದು ನಂಬಲಾಗದ ಮಾತು. ಒಂದು ವಾರ ಈ ಕ್ಲಬ್ಬಿನ ಜೆರ್ಸಿ, ಇನ್ನೊಂದು ವಾರ ಆ ಕ್ಲಬ್ಬಿನ ಜೆರ್ಸಿ ಹಾಕುವ ಆಟಗಾರನಿಗೆ ಮ್ಯಾಚಿಗೆ ಇಷ್ಟು ಎಂದು ಕೈಗೆ ಕೊಡುತ್ತಾರೆ. ಪುಕ್ಕಟೆ ಆಡು ಎಂದು ಕೇಳುವವರಿಲ್ಲ. ದ್ರೋಹಿ ಎಂದು ಬೊಬ್ಬೆ ಹಾಕುವವರೂ ಇಲ್ಲ.

2021ರಲ್ಲಿ ಎರಡೂ ಕಡೆ ಗಾಳಿ ಬದಲಾಯಿತು. ಮಾರ್ಚ್ 14ರಿಂದ ಸೌದಿಯಲ್ಲಿ, ಒಂದು ವರ್ಷ ದುಡಿದ ಕೆಲಸಗಾರ ಕಫೀಲನ ಒಪ್ಪಿಗೆ ಇಲ್ಲದೆಯೂ ಕಂಪೆನಿ ಬದಲಿಸಬಹುದು ಎಂಬ ನಿಯಮ ಜಾರಿಗೆ ಬಂತು. ಮನೆಗೆಲಸದವರಿಗೆ, ಮನೆಯ ಡ್ರೈವರ್‌ಗಳಿಗೆ ಅದು ಅನ್ವಯಿಸಲಿಲ್ಲ. ಮುಂದಿನ ತಿಂಗಳೇ ಎನ್‌ಸಿಎಎ, ಬಾಸ್ಕೆಟ್‌ಬಾಲ್ ಆಟಗಾರರೂ ಒಮ್ಮೆ ಕಾಲೇಜು ಬದಲಿಸಿ ಕೂಡಲೇ ಆಡಬಹುದು ಎಂದಿತು. ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಲ್ಸ್‌ಟನ್ ಪ್ರಕರಣದಲ್ಲಿ ಒಂಬತ್ತಕ್ಕೆ ಒಂಬತ್ತು ನ್ಯಾಯಾಧೀಶರ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು ಎಂದಾಯಿತು. 2024ರಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದಾಯಿತು. 2025ರ ಜೂನ್‌ನಲ್ಲಿ ಒಪ್ಪಿತವಾದ ಹೌಸ್ ಪ್ರಕರಣದ ರಾಜಿಯಂತೆ 2025-26ರಲ್ಲಿ ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ಕ್ರೀಡೆಗಳ ಆಟಗಾರರಿಗೆ ಸೇರಿ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದಿತ್ತು.

ಈ ಹಣ ನಮ್ಮ ಝ್ಯಾಕ್ ಈಡಿಯ ಕೈಗೆ ಸರಿಯಾಗಿ ಸಿಗಲಿಲ್ಲ. ಎರಡು ಸಲ ದೇಶದ ಶ್ರೇಷ್ಠ ಕಾಲೇಜು ಆಟಗಾರನಾದವನು. ಆದರೆ ಅವನಿದ್ದದ್ದು ವಿದ್ಯಾರ್ಥಿ ವೀಸಾದಲ್ಲಿ. ಆ ವೀಸಾದಲ್ಲಿ ಅಮೆರಿಕದ ನೆಲದಲ್ಲಿ ಜಾಹೀರಾತಿಗೆ ದುಡಿಯುವಂತಿಲ್ಲ. ಜೊತೆಯವರು ಸಂಪಾದಿಸುವಾಗ ಅವನು ಸುಮ್ಮನಿರಬೇಕಾಯಿತು. ಅಷ್ಟೆತ್ತರದ ಹುಡುಗನನ್ನೂ ವೀಸಾದ ಒಂದು ಸಾಲು ಕಟ್ಟಿಹಾಕುತ್ತದೆ ಎಂದು ಓದಿದ ದಿನ ಅವನು ನಮ್ಮ ಕ್ಯಾಂಪಿನವನೇ ಅನಿಸಿದ. ನಂತರ 2024ರಲ್ಲಿ ಮೆಂಫಿಸ್ ತಂಡ ಒಂಬತ್ತನೆಯವನಾಗಿ ಅವನನ್ನು ಎನ್‌ಬಿಎಗೆ ಆರಿಸಿಕೊಂಡಿತು ಎನ್ನುವುದೇ ಸಮಾಧಾನ.

ಹೊಸ ಕಾಲದಲ್ಲಿ ಎಲ್ಲವೂ ಒಳ್ಳೆಯದಾಯಿತು ಎಂದು ನಾನು ಹೇಳುವುದಿಲ್ಲ. ಸಣ್ಣ ಕಾಲೇಜು ಬೆಳೆಸಿದ ಹುಡುಗನನ್ನು ಮರುವರ್ಷ ದೊಡ್ಡ ಕಾಲೇಜು ಎತ್ತಿಕೊಂಡು ಹೋಗುತ್ತದೆ. ಪೋರ್ಟಲ್‌ಗೆ ಇಳಿದವರಿಗೆಲ್ಲ ಜಾಗ ಸಿಗುವುದಿಲ್ಲ. ಕಾಲೇಜು ಬದಲಿಸುವಾಗ ಓದಿದ ಕೋರ್ಸಿನ ಲೆಕ್ಕ ತಪ್ಪಿ ಡಿಗ್ರಿ ಹಿಂದೆ ಬೀಳುತ್ತದೆ. ಏಜೆಂಟರಂತೂ ನಮ್ಮಲ್ಲಿ ಇದ್ದಂತೆ ಅಲ್ಲಿಯೂ ಇದ್ದಾರೆ. ಅಭಿಮಾನಿಗೂ ನಷ್ಟ ಇದೆ. ಹಲ್ಲು ಮೂಡದ ಹುಡುಗ ನಾಲ್ಕು ವರ್ಷದಲ್ಲಿ ಹುಲಿಯಾಗುವುದನ್ನು ನೋಡುವ ಸುಖ ಕಡಿಮೆಯಾಗಿದೆ. ಹೆಸರು ಬಾಯಿಪಾಠ ಆಗುವಷ್ಟರಲ್ಲಿ ಅವನು ಬೇರೆ ಜೆರ್ಸಿಯಲ್ಲಿರುತ್ತಾನೆ. ಈ ಬೇಜಾರು ಸುಳ್ಳಲ್ಲ. ಆದರೆ ನನ್ನ ಬೇಜಾರಿಗೆ ಅವನು ಯಾಕೆ ಬೆಲೆ ಕೊಡಬೇಕು?

ಇನ್‌ಸ್ಪೆಕ್ಟರಿನ ಆ ಒಂದು ಸಾಲು ಓದಿದ ರಾತ್ರಿ ನನಗೆ ನೆನಪಾದದ್ದು ನನ್ನ ರಿಲೀಸ್ ಮಾತ್ರ ಅಲ್ಲ. ನಮ್ಮ ಅಂಗಡಿಯ ಹುಡುಗನೊಬ್ಬ ನೆನಪಾದ. ನಾನು ಶಾಲೆಗೆ ಹೋಗುವಾಗ ಪೈವಳಿಕೆ ಕಡೆಯಿಂದ ಬಂದವನು, ನನಗಿಂತ ಐದಾರು ವರ್ಷ ದೊಡ್ಡವನು. ಅಕ್ಕಿ ಮೂಟೆ ಇಳಿಸುವುದು, ಪೊಟ್ಟಣ ಕಟ್ಟುವುದು, ಸಾಲದ ಪುಸ್ತಕ ಬರೆಯುವುದು, ರಾತ್ರಿ ಹಲಗೆ ಬಾಗಿಲು ಹಾಕುವುದು ಎಲ್ಲ ಅವನೇ. ನಮ್ಮ ಜೊತೆಗೇ ಊಟ, ಅಂಗಡಿಯ ಅಟ್ಟದಲ್ಲಿ ನಿದ್ದೆ, ಪೆರ್ನಾಳ್‌ಗೆ ನನಗೂ ಅವನಿಗೂ ಒಂದೇ ಥಾನಿನ ಅಂಗಿ. ಅವನ ಉಮ್ಮ ಬಂದಾಗ ಉಪ್ಪ ಒಂದಷ್ಟು ನೋಟು ಮಡಚಿ ಕೊಡುತ್ತಿದ್ದರು. ತಿಂಗಳ ಸಂಬಳ ಎಂಬ ಮಾತೇ ಇರಲಿಲ್ಲ. "ಅವನು ಮನೆಮಗ" ಎನ್ನುತ್ತಿದ್ದರು ಉಪ್ಪ. ಅವರು ಸುಳ್ಳು ಹೇಳುತ್ತಿರಲಿಲ್ಲ. ಜ್ವರ ಬಂದಾಗ ಉಮ್ಮ ಅವನ ಹಣೆಗೂ ಬಟ್ಟೆ ಇಟ್ಟವಳು.

ಏಳನೇ ವರ್ಷ ಅವನು ರಸ್ತೆಯ ಆಚೆ ಬದಿಯ ಅಂಗಡಿಗೆ ಹೋದ. ಅಲ್ಲಿ ತಿಂಗಳಿಗೆ ಇಷ್ಟು ಎಂದು ಸಂಬಳ. ಉಪ್ಪ ಅವನೊಂದಿಗೆ ಮಾತು ಬಿಟ್ಟರು. "ಉಂಡ ಮನೆಗೆ ಎರಡು ಬಗೆದ" ಎಂದು ನಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ. ನಾನೂ ದಾರಿಯಲ್ಲಿ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದೆ.

ಮರುದಿನ ಫೋನಿನಲ್ಲಿ ಉಪ್ಪನನ್ನು ಕೇಳಿಯೇ ಬಿಟ್ಟೆ. "ಉಪ್ಪ, ಅವನಿಗೆ ನಾವು ತಿಂಗಳಿಗೆ ಎಷ್ಟು ಕೊಡುತ್ತಿದ್ದೆವು?"

ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ಹೇಳಿದರು, "ಅವನು ಕೇಳಲಿಲ್ಲ ಮೋನೆ. ಕೇಳಿದ್ದರೆ ಕೊಡುತ್ತಿದ್ದೆ."

"ಮನೆಮಗ ಹೇಗೆ ಕೇಳುವುದು ಉಪ್ಪ?"

ಅಸರ್ ಬಾಂಗ್ ಆಯಿತು ಎಂದು ಅವರು ಫೋನ್ ಇಟ್ಟರು. ಅಷ್ಟು ಮಾತು ನಾನು ಆಡಬಾರದಿತ್ತೇನೋ. ಉಪ್ಪ ಕೆಟ್ಟವರಲ್ಲ. ನನ್ನ ಹಳೆಯ ಕಫೀಲನೂ ತನ್ನ ಮನಸ್ಸಿನಲ್ಲಿ ಕೆಟ್ಟವನಾಗಿರಲಿಕ್ಕಿಲ್ಲ. ಪ್ರೀತಿ ಇದ್ದಲ್ಲಿ ಲೆಕ್ಕ ಯಾಕೆ ಎಂದು ನಂಬಿದವರು. ಆದರೆ ಲೆಕ್ಕ ಬೇಡ ಎಂದು ಹೇಳುವವನು ಯಾವಾಗಲೂ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನೇ ಆಗಿರುತ್ತಾನೆ.

2025-26ರ ಸೀಸನ್ ಬಂತು. ಪರ್ಡ್ಯೂನಲ್ಲಿ ಬ್ರೇಡನ್ ಸ್ಮಿತ್, ಫ್ಲೆಚರ್ ಲಾಯರ್ ಇಬ್ಬರಿಗೂ ಅದು ನಾಲ್ಕನೇ ವರ್ಷವಾಗಿತ್ತು. ಬೇರೆಡೆಗೆ ಹೋಗಲು ಬಾಗಿಲು ತೆರೆದೇ ಇತ್ತು. ಪರ್ಡ್ಯೂ ಕೂಡ ಅವರಿಗೆ ಪುಕ್ಕಟೆ ಆಡಿಸುತ್ತಿರಲಿಲ್ಲ. ಆದರೂ ಉಳಿದರು. ಹಿಂದೆ ನಾಲ್ಕು ವರ್ಷ ಆಡಿದವರಲ್ಲಿ ಯಾರು ಪ್ರೀತಿಯಿಂದ ಇದ್ದರು, ಯಾರು ಬೇರೆ ದಾರಿ ಇಲ್ಲದೆ ಇದ್ದರು ಎಂದು ನಮಗೆ ಗೊತ್ತಾಗುತ್ತಿರಲಿಲ್ಲ. ಇವರಿಬ್ಬರ ಬಗ್ಗೆ ಗೊತ್ತಾಗುತ್ತದೆ.

ನಮ್ಮ ಆ ಹುಡುಗನಿಗೆ ಈಗ ಬಂದ್ಯೋಡು ಹತ್ತಿರ ಸ್ವಂತ ಅಂಗಡಿ ಇದೆಯಂತೆ. ಎರಡು ವರ್ಷದ ಹಿಂದೆ ಉಪ್ಪನ ಕಣ್ಣಿನ ಆಪರೇಷನ್ ಆದಾಗ ಹಣ್ಣು ಹಿಡಿದುಕೊಂಡು ಬಂದು ಹೋಗಿದ್ದ ಎಂದು ಉಮ್ಮ ಮೊನ್ನೆ ಹೇಳಿದಳು. ನನಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ. ಮುಂದಿನ ರಜೆಯಲ್ಲಿ ಅಲ್ಲಿಗೊಮ್ಮೆ ಹೋಗಬೇಕು. ಅವನ ಅಂಗಡಿಯಲ್ಲಿ ಕೆಲಸಕ್ಕೆ ಹುಡುಗರಿದ್ದರೆ, ಅವರಿಗೆ ಎಷ್ಟು ಕೊಡುತ್ತಾನೆ ಎಂದು ಕೇಳುವ ಮನಸ್ಸಿದೆ. ಬಾಯಿ ಬರುತ್ತದೋ ಇಲ್ಲವೋ.