ಜಕ್ಕೂರಿನ ತಾವರೆ ತೊಟ್ಟಿಗೆ ಬಂದದ್ದು ಯಾರು?

ಜೂನ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಏಳೂವರೆ. ಹಿಂದಿನ ರಾತ್ರಿ ಜೋರು ಮಳೆ ಹೊಡೆದಿತ್ತು. ಕಾಫಿ ಲೋಟ ಹಿಡಿದು ಬಾಗಿಲು ತೆಗೆದರೆ, ನಮ್ಮ ಓನರ್ ಮೊಮ್ಮಗಳು, ಐದು ವರ್ಷದ ಪುಟ್ಟಿ, ಅಂಗಳದ ತಾವರೆ ತೊಟ್ಟಿಯ ಅಂಚಿಗೆ ಗಲ್ಲ ಆನಿಸಿಕೊಂಡು ಕೂತಿದ್ದಾಳೆ.

“ಅಂಕಲ್, ಒಂದು ಮೀನು ಉದ್ದ ಆಗ್ಬಿಟ್ಟಿದೆ” ಅಂದಳು.

ಹತ್ತಿರ ಹೋಗಿ ನೋಡಿದೆ. ತಾವರೆ ಎಲೆಯ ಪಕ್ಕದಲ್ಲಿ ಒಂದು ಪುಟ್ಟ ತಲೆ. ಕೆಳಗೆ ನೀರಿನಲ್ಲಿ ಎರಡೂವರೆ ಅಡಿಯಷ್ಟು ಮೈ. ಮೈಮೇಲೆ ಚೌಕಾಬಾರದ ಮನೆಗಳ ಹಾಗೆ ಕಪ್ಪು ಚುಕ್ಕಿ. ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ, ಪುಟ್ಟಿಯನ್ನು ಎತ್ತಿಕೊಂಡು ಜಗಲಿಗೆ ಓಡಿದ್ದಷ್ಟೇ ನೆನಪು.

ನಾನಿರುವುದು ಜಕ್ಕೂರಿನಲ್ಲಿ, ಕೆರೆಗೆ ನಡೆದು ಹೋಗುವಷ್ಟು ದೂರದಲ್ಲಿ. ಓನರ್ ಅಂಕಲ್ ಯಲಹಂಕದ ವೀಲ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ರಿಟೈರ್ ಆದ ಮೇಲೆ ಅಂಗಳದ ಮೂಲೆಯಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿಸಿ, ತಾವರೆ ಹಾಕಿ, ಸೊಳ್ಳೆ ಮರಿ ತಿನ್ನಲಿ ಅಂತ ಗಪ್ಪಿ ಮೀನು ಬಿಟ್ಟಿದ್ದರು. ಮೀನು ಬಂತು, ಕಪ್ಪೆ ಬಂತು. ಈಗ ಇದು.

ಮೊಬೈಲ್ ಹೇಳಿದ್ದು

ಐದು ನಿಮಿಷದಲ್ಲಿ ಅಂಗಳದಲ್ಲಿ ಆರು ಜನ. ಗದ್ದಲಕ್ಕೆ ಹೆದರಿ ಹಾವು ಕತ್ತು ಚಪ್ಪಟೆ ಮಾಡಿ ತಲೆ ಎತ್ತಿತು. “ಹೆಡೆ! ನಾಗರಹಾವು ರೀ ಇದು” ಅಂದರು ಪಕ್ಕದ ಮನೆಯವರು. ಇನ್ನೊಬ್ಬರು “ಕೊಳಕುಮಂಡಲ, ಮೈಮೇಲೆ ಚುಕ್ಕಿ ನೋಡಿ” ಅಂದರು. ಎದುರುಗಡೆ ಕಟ್ಟಡದ ವಾಚ್‌ಮನ್ ಆಗಲೇ ದೊಣ್ಣೆ ತಂದಾಗಿತ್ತು.

ನಾನು ಸಾಫ್ಟ್‌ವೇರ್ ಮನುಷ್ಯ. ದೊಣ್ಣೆಯ ಬದಲು ಮೊಬೈಲ್ ತೆಗೆದೆ. ದೂರದಿಂದಲೇ ಜೂಮ್ ಮಾಡಿ ನಾಲ್ಕು ಫೋಟೊ ಹೊಡೆದು, ಫೋಟೊ ನೋಡಿ ಪ್ರಾಣಿ ಗುರುತಿಸುವ ಒಂದು ಆ್ಯಪ್‌ಗೆ ಹಾಕಿದೆ. ಉತ್ತರ ಬಂತು: ವಾಟರ್ ಮಾಕಸಿನ್, ವಿಷಕಾರಿ, ಅಪಾಯ.

ಅದನ್ನು ಜೋರಾಗಿ ಓದಿದ್ದು ನನ್ನ ತಪ್ಪು. ವಾಚ್‌ಮನ್ ದೊಣ್ಣೆ ಎತ್ತಿಯೇ ಬಿಟ್ಟ. “ಒಂದ್ನಿಮಿಷ, ಒಂದೇ ನಿಮಿಷ” ಅನ್ನುತ್ತಾ ಕೆಳಗಿನ ಸಾಲು ಓದಿದೆ. ಆ ಹಾವು ಇರುವುದು ಅಮೆರಿಕದ ಆಗ್ನೇಯ ರಾಜ್ಯಗಳಲ್ಲಂತೆ. ಫ್ಲೋರಿಡಾದ ಜೌಗಿನಿಂದ ಜಕ್ಕೂರಿಗೆ ಅದು ಯಾವ ಫ್ಲೈಟಿನಲ್ಲಿ ಬಂದೀತು? ಫೋಟೊ ಕೊಟ್ಟಿದ್ದೆ, ಎಲ್ಲಿ ತೆಗೆದದ್ದು ಅಂತ ಹೇಳಿರಲಿಲ್ಲ. ಲೊಕೇಶನ್ ಆಫ್ ಇತ್ತು.

ಗೂಗಲ್ ಮಾಡಿದರೆ ಮೊದಲು ಸಿಕ್ಕ ಸೂತ್ರ: ತಲೆ ತ್ರಿಕೋನವಾಗಿದ್ದು, ಕಣ್ಣಿನ ಪಾಪೆ ಬೆಕ್ಕಿನ ಹಾಗೆ ಸೀಳಾಗಿದ್ದರೆ ವಿಷದ ಹಾವು, ದುಂಡಗಿದ್ದರೆ ಭಯವಿಲ್ಲ. ನಮ್ಮ ಹಾವಿನ ಪಾಪೆ ದುಂಡಗಿತ್ತು. ಸಮಾಧಾನವಾಯಿತು. ಈ ಸೂತ್ರವೂ ಅಮೆರಿಕದ್ದೇ, ಇಲ್ಲಿ ನಂಬಿದರೆ ಪ್ರಾಣಕ್ಕೇ ಬರಬಹುದು ಅಂತ ಗೊತ್ತಾಗಿದ್ದು ಆಮೇಲೆ. ನಾಗರಹಾವು, ಕಟ್ಟುಹಾವು ಎರಡಕ್ಕೂ ದುಂಡು ಪಾಪೆಯೇ, ತಲೆಯೂ ತ್ರಿಕೋನವಲ್ಲ. ಅತ್ತ ನಾವು ‘ಎರಡು ತಲೆ ಹಾವು’ ಅನ್ನುವ ಮಣ್ಣುಮುಕ್ಕನಿಗೆ ಸೀಳು ಪಾಪೆ, ಆದರೆ ಅದು ಮನುಷ್ಯರಿಗೆ ಏನೂ ಮಾಡದ ಪಾಪದ ಹಾವು.

ಅಮ್ಮ ಕೇಳಿದ್ದು

ಊರಿಗೆ ವಿಡಿಯೊ ಕಾಲ್ ಮಾಡಿದೆ. ನಮ್ಮದು ಗುಬ್ಬಿ ಕಡೆ. ಅಮ್ಮ ಫೋಟೊ ನೋಡುವ ಮೊದಲೇ ಕೇಳಿದಳು: “ಎಲ್ಲಿ ಕಂಡಿದ್ದು ಕಣೋ? ನೀರೊಳಗಾ, ಕಲ್ಲುಗುಡ್ಡೆ ಹತ್ರಾನಾ?”

“ನೀರೊಳಗೆ. ಮೀನಿರೋ ತೊಟ್ಟಿ.”

“ಹಂಗಾದ್ರೆ ನೀರೊಳ್ಳೆ ಇರ್ಬೇಕು. ಅಡಿಕೆ ತೋಟದ ಕಟ್ಟೇಲಿ ಬೇಕಾದಷ್ಟಿರ್ತಿತ್ತಲ್ಲ, ಮರ್ತ್ಯಾ? ಅದು ಕಚ್ಚಲ್ಲ ಬಿಡು.”

ಹೆಸರು ಸಿಕ್ಕಿತು. ‘ಒಳ್ಳೆ’ ಅನ್ನುವ ಪದಕ್ಕೆ ವಿಷವಿಲ್ಲದ ನೀರುಹಾವು ಅಂತಲೇ ಅರ್ಥ. ಆದರೆ ಅಮ್ಮನ ಮಾತೂ ಪೂರ್ತಿ ಸರಿಯಲ್ಲ. ನೀರೊಳ್ಳೆ ಕಚ್ಚುತ್ತದೆ, ಹಿಡಿಯಲು ಹೋದರೆ ಧಾರಾಳವಾಗಿ ಕಚ್ಚುತ್ತದೆ. ಅದರ ಕಡಿತದಿಂದ ನಮಗೆ ವಿಷವೇರುವುದಿಲ್ಲ, ಅಷ್ಟೇ. ಅಲ್ಲದೆ ಗುಬ್ಬಿಯಲ್ಲಿ ಕೂತು ಅಮ್ಮ ಹೇಳಿದ ಮಾತಿನ ಮೇಲೆ ಐದು ವರ್ಷದ ಮಗುವನ್ನು ತೊಟ್ಟಿ ಹತ್ತಿರ ಬಿಡಲು ನನಗೆ ಧೈರ್ಯವಿರಲಿಲ್ಲ.

ಕೊನೆಗೆ ಗೆಳೆಯರ ಮೂಲಕ ಯಲಹಂಕದ ಒಬ್ಬ ಉರಗ ರಕ್ಷಕರ ನಂಬರ್ ಸಿಕ್ಕಿತು. (ಹೀಗೆ ಯಾರೂ ಸಿಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ.) ಅವರ ಮೊದಲ ಪ್ರಶ್ನೆಯೂ ಅಮ್ಮನದೇ: “ಸಾರ್, ಮನೆ ಎಲ್ಲಿ? ಕೆರೆ ಎಷ್ಟು ದೂರ?” ಆಮೇಲೆ, “ಫೋಟೊ ಕಳ್ಸಿ. ಹತ್ರ ಮಾತ್ರ ಹೋಗ್ಬೇಡಿ. ಯಾರೂ ಹೊಡೀಬೇಡಿ.”

ಅರ್ಧ ಗಂಟೆಯಲ್ಲಿ ಸ್ಕೂಟರ್‌ನಲ್ಲಿ ಬಂದರು. ಕೊಕ್ಕೆ, ಚೀಲ ಎರಡೂ ಇತ್ತು, ಎರಡನ್ನೂ ತೆಗೆಯಲಿಲ್ಲ. ನನ್ನ ಮೊಬೈಲಿನಲ್ಲೇ ಫೋಟೊ ದೊಡ್ಡದು ಮಾಡಿ ತೋರಿಸಿದರು.

“ಕಣ್ಣಿನ ಕೆಳಗೆ ಒಂದು ಕಪ್ಪು ಗೆರೆ, ಅದರ ಹಿಂದೆ ಓರೆಯಾಗಿ ಇನ್ನೊಂದು. ಕಾಣ್ತಿದ್ಯಾ? ಕಾಡಿಗೆ ಇಳಿದ ಹಾಗೆ? ಅದು ಮೊದಲನೇ ಗುರುತು. ಎರಡನೇದು, ಮೈಮೇಲಿನ ಈ ಚೌಕಳಿ. ಮೂರನೇದು, ಮೂಗಿನ ಹೊಳ್ಳೆ ಸ್ವಲ್ಪ ಮೇಲಕ್ಕಿದೆ, ನೀರಲ್ಲಿದ್ದೇ ಉಸಿರಾಡೋಕೆ. ಹೆದರಿದ್ರೆ ಇದೂ ಕತ್ತು ಚಪ್ಪಟೆ ಮಾಡುತ್ತೆ, ಅದನ್ನ ಹೆಡೆ ಅಂದ್ಕೊಂಡು ಜನ ಹೊಡೆದು ಸಾಯಿಸ್ತಾರೆ.”

ಇಂಗ್ಲಿಷಿನಲ್ಲಿ ಇದು ಚೆಕರ್ಡ್ ಕೀಲ್‌ಬ್ಯಾಕ್. ವಿಜ್ಞಾನದ ಹೆಸರು ಫೌಲಿಯಾ ಪಿಸ್ಕೇಟರ್. 1799ರಲ್ಲಿ ಶ್ನೈಡರ್ ಎಂಬ ಜರ್ಮನ್ ಪಂಡಿತ ಇಟ್ಟ ‘ಪಿಸ್ಕೇಟರ್’ ಪದಕ್ಕೆ ಲ್ಯಾಟಿನ್‌ನಲ್ಲಿ ಬೆಸ್ತ ಎಂದರ್ಥ. ಪುಟ್ಟಿಗೆ ಹೇಳಿದೆ. ಅವಳು ತಕ್ಷಣ ಹಾವಿಗೆ ‘ಮೀನಂಕಲ್’ ಅಂತ ಹೆಸರಿಟ್ಟಳು.

ಓನರ್ ಆಂಟಿಗೆ ಮಾತ್ರ ಇದ್ಯಾವುದೂ ಬೇಕಿರಲಿಲ್ಲ. “ವಿಷ ಇರ್ಲಿ ಬಿಡ್ಲಿ, ಮಗು ಇರೋ ಮನೆ. ಹಿಡ್ಕೊಂಡು ಹೋಗಿ ಎಲ್ಲಾದ್ರೂ ದೂರ ಬಿಟ್ಬಿಡಪ್ಪ.”

“ಎಲ್ಲಿಗೆ ಬಿಡ್ಲಿ ಆಂಟಿ? ಗೊತ್ತಿಲ್ದೆ ಇರೋ ಜಾಗಕ್ಕೆ ಬಿಟ್ರೆ ಅದು ಬದುಕೋದು ಕಷ್ಟ. ಇದನ್ನ ಕಳ್ಸಿದ್ರೂ ತೊಟ್ಟಿಲಿ ಕಪ್ಪೆ ಇರೋ ತನಕ ಇನ್ನೊಂದು ಬರುತ್ತೆ. ಇದರ ಮನೆ ಇಲ್ಲೇ. ಬೇಕಿದ್ರೆ ಕಾಲುವೆ ಕಡೆ ಹೋಗಿ ನೋಡಿ.”

ರಾಜಿ ಆಯಿತು. ತೊಟ್ಟಿಯ ಸುತ್ತ ಎರಡಡಿ ಎತ್ತರದ ಜಾಲರಿ ಕಟ್ಟುವುದು. ಪುಟ್ಟಿ ಜೊತೆಗೆ ದೊಡ್ಡವರಿಲ್ಲದೆ ತೊಟ್ಟಿ ಹತ್ತಿರ ಹೋಗುವ ಹಾಗಿಲ್ಲ. ಹಾವು ತಾನಾಗಿ ಹೋಗುವವರೆಗೆ ಇರಬಹುದು. ಆಂಟಿ ಅವತ್ತು ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ.

ಕಾಲುವೆ ಹಿಡಿದು

ಮಾರನೆಯ ದಿನ ಭಾನುವಾರ. ‘ಇದರ ಮನೆ ಇಲ್ಲೇ’ ಅನ್ನುವ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಶೂ ಹಾಕಿಕೊಂಡು ಹೊರಟೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮೋರಿ ಇದೆ. ಮೂರು ವರ್ಷದಿಂದ ಅದನ್ನು ಬರೀ ಮೋರಿ ಅಂದುಕೊಂಡಿದ್ದೆ. ಅದರ ಗುಂಟ ನಡೆದರೆ ಅಪಾರ್ಟ್‌ಮೆಂಟ್‌ಗಳ ಹಿಂಗೋಡೆ, ಒಂದು ಕಾರ್ ವಾಶ್, ಕಟ್ಟಡದ ಕಸ, ಅದರ ನಡುವೆಯೇ ಹೊನಗೊನ್ನೆ ಸೊಪ್ಪು. ಮೋರಿ ಹೋಗಿ ಸೇರಿದ್ದು ರಾಜಕಾಲುವೆಗೆ, ಅದು ಸೇರಿದ್ದು ಕೆರೆಗೆ.

ಜಕ್ಕೂರು ಕೆರೆ ಸುಮಾರು 160 ಎಕರೆಯದು. ಮೇಲುಗಡೆ ಅಲ್ಲಾಳಸಂದ್ರ ಕೆರೆ, ಕೆಳಗೆ ರಾಚೇನಹಳ್ಳಿ ಕೆರೆ. ಒಂದು ತುಂಬಿ ಇನ್ನೊಂದಕ್ಕೆ ಕೋಡಿ ಹರಿಯುವ ಸರಪಳಿ. ನದಿಯಿಲ್ಲದ ಈ ಎತ್ತರದ ನಾಡಿನಲ್ಲಿ ಯಲಹಂಕದ ಪ್ರಭುಗಳ ಕಾಲದಿಂದಲೂ ಬದುಕು ನಡೆದದ್ದು ಇಂಥ ಕೆರೆಗಳನ್ನು ನಂಬಿ. ಇವತ್ತು ಜಕ್ಕೂರು ಕೆರೆಗೆ ಬರುವ ನೀರಿನಲ್ಲಿ ಬಹುಪಾಲು ನಾವೇ ಬಳಸಿ ಬಿಟ್ಟದ್ದು. ಪಕ್ಕದ ಶುದ್ಧೀಕರಣ ಘಟಕದಲ್ಲಿ ದಿನಕ್ಕೆ ಕೋಟಿ ಲೀಟರ್ ಲೆಕ್ಕದಲ್ಲಿ ಕೊಳಚೆ ನೀರು ಶುದ್ಧವಾಗಿ, ಜೊಂಡು ಬೆಳೆದ ಜೌಗಿನಲ್ಲಿ ಇನ್ನಷ್ಟು ಸೋಸಿ, ಆಮೇಲೆ ಕೆರೆಗೆ ಇಳಿಯುತ್ತದೆ. ನಮ್ಮ ಬಚ್ಚಲಿನ ನೀರಿನಲ್ಲೇ ಮೀನು, ಮೀನಿಗಾಗಿ ಹೆಜ್ಜಾರ್ಲೆ, ನೀರುಕಾಗೆ.

ಏರಿಯ ಮೇಲೆ ಜಾಗಿಂಗ್‌ನವರು, ನಾಯಿ ಹಿಡಿದವರು. ಕೆಳಗೆ ದಡದಲ್ಲಿ ಇಬ್ಬರು ಬಲೆ ಬಿಡಿಸುತ್ತಿದ್ದರು. ಮಾತಾಡಿಸಿದೆ. ಹಾವಿನ ವಿಷಯ ಹೇಳಿದ್ದಕ್ಕೆ ಹಿರಿಯರು ನಕ್ಕರು. “ದಿನಾ ಬಲೇಲಿ ಸಿಕ್ತವೆ ಸ್ವಾಮಿ. ಬಿಡಿಸಿ ಬಿಡ್ತೀವಿ. ಅದೂ ನಮ್ಮಂಗೇ ಮೀನಿಗೆ ಬಂದಿರೋದು.” ಶ್ನೈಡರ್ 1799ರಲ್ಲಿ ಹೇಳಿದ್ದನ್ನೇ ಇವರೂ ಹೇಳುತ್ತಿದ್ದರು.

ಏರಿಯಲ್ಲಿ ನಿಂತು ಹಿಂದಿರುಗಿ ನೋಡಿದೆ. ಇಳಿಜಾರು ಕಣ್ಣಿಗೇ ಕಾಣುತ್ತದೆ. ಮಳೆ ಬಂದ ರಾತ್ರಿ ಕಾಲುವೆ ಉಕ್ಕಿದರೆ ನೀರು ಎಲ್ಲಿಗೆ ಬರಬೇಕೋ ಅಲ್ಲಿ ನಮ್ಮ ಬೀದಿ ಇದೆ. ಹಾವು ನಮ್ಮ ತೊಟ್ಟಿಗೆ ದಾರಿ ತಪ್ಪಿ ಬಂದಿರಲಿಲ್ಲ. ಹಳೇ ದಾರಿಯಲ್ಲೇ ಬಂದಿತ್ತು. ನಡುವೆ ಮನೆ ಕಟ್ಟಿಕೊಂಡವರು ನಾವು. ಬಾಡಿಗೆ ಕರಾರಿನಲ್ಲಿ ಇಲ್ಲದ ಈ ಮಾಹಿತಿ ನನಗೆ ಸಿಕ್ಕಿದ್ದು ಒಂದು ಹಾವಿನಿಂದ.

ನಾಲ್ಕನೇ ದಿನ ಮೀನಂಕಲ್ ಕಾಣಲಿಲ್ಲ. ಕಪ್ಪೆಗಳ ಗದ್ದಲವೂ ಕಡಿಮೆಯಾಗಿತ್ತು.

ಇಟ್ಟಿಗೆ ರಾಶಿ

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಜುಲೈ ಕೊನೆ. ರಾತ್ರಿ ಎಂಟರ ಹೊತ್ತಿಗೆ ಕರೆಂಟ್ ಹೋಗಿತ್ತು. ಕಾಂಪೌಂಡಿನ ಇನ್ನೊಂದು ಮೂಲೆಯಲ್ಲಿ ಉಳಿದ ಇಟ್ಟಿಗೆ ರಾಶಿ ಇದೆ, ಅದರ ಪಕ್ಕ ಮೋಟಾರ್ ಸ್ವಿಚ್. ಮೊಬೈಲ್ ಟಾರ್ಚ್ ಹಾಕಿದಾಗ ಇಟ್ಟಿಗೆ ಬುಡದಲ್ಲಿ ಗೇಣುದ್ದದ ಒಂದು ಹಾವಿನ ಮರಿ. ಕಂದು ಮೈ, ಮೇಲೆ ಚುಕ್ಕಿ. ಈ ಒಂದು ತಿಂಗಳಲ್ಲಿ ನಾನು ಬೀದಿಯ ಹಾವು ತಜ್ಞ ಆಗಿಬಿಟ್ಟಿದ್ದೆ. “ಓ, ನೀರೊಳ್ಳೆ ಮರಿ” ಅಂದುಕೊಂಡು ಫೋಟೊಗೆ ಬಗ್ಗಿದೆ. ಚಪ್ಪಲಿಗೂ ಅದಕ್ಕೂ ನಡುವೆ ಎರಡು ಅಡಿ ಇರಬಹುದು.

ಅದು ಬುಸುಗುಟ್ಟಿತು. ಆ ಗಾತ್ರಕ್ಕೆ ಹೊಂದದ ಸದ್ದು, ಕುಕ್ಕರ್ ಆವಿ ಬಿಟ್ಟ ಹಾಗೆ. ಆಗ ಅಮ್ಮನ ಪ್ರಶ್ನೆ ನೆನಪಾಯಿತು: ನೀರೊಳಗಾ, ಕಲ್ಲುಗುಡ್ಡೆ ಹತ್ರಾನಾ?

ಹಿಂದಕ್ಕೆ ಸರಿದೆ. ದೂರದಿಂದ ತೆಗೆದ ಫೋಟೊ ಕಳಿಸಿದ್ದಕ್ಕೆ ರಕ್ಷಕರು ಮೆಸೇಜ್ ಮಾಡಲಿಲ್ಲ, ನೇರ ಫೋನ್ ಮಾಡಿದರು. “ಸಾರ್, ಕೊಳಕುಮಂಡಲ. ಎಲ್ಲರೂ ಒಳಗಿರಿ. ಬರ್ತಿದೀನಿ.” ಬೆನ್ನಿನ ಮೇಲೆ ಸರಪಳಿಯ ಹಾಗೆ ಮೂರು ಸಾಲು ದುಂಡು ಮಚ್ಚೆ. ಚೌಕಳಿ ಅಲ್ಲ. ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ, ಮುಂಗಾರಿನ ಹೊತ್ತಿಗೆ ಹತ್ತಾರು ಮರಿ ಹಾಕುತ್ತದೆ. ಮರಿಗೂ ಹುಟ್ಟಿದ ದಿನದಿಂದಲೇ ವಿಷ. ಹಗಲು ಇಟ್ಟಿಗೆ, ಕಟ್ಟಿಗೆ ರಾಶಿಯ ಸಂದಿ, ರಾತ್ರಿ ಇಲಿ ಬೇಟೆ. ಈ ಸಲ ಕೊಕ್ಕೆ, ಚೀಲ ಎರಡೂ ಹೊರಗೆ ಬಂದವು. ಮಾರನೇ ದಿನ ಇಟ್ಟಿಗೆ ರಾಶಿಯೂ ಖಾಲಿ ಆಯಿತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಓದುತ್ತಾ ಕೂತೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆ ಅನ್ನುವುದು ಸಂಶೋಧಕರ ಅಂದಾಜು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು ವಿಷಯ ನನಗೆ ಹೊಸದು. ಕಚ್ಚಿದ ಹಾವು ಯಾವುದು ಅಂತ ಗುರುತಿಸಿ ಆಸ್ಪತ್ರೆಗೆ ಹೇಳಲೇಬೇಕಾಗಿಲ್ಲ, ಹಾವನ್ನು ಹೊಡೆದು ಕೊಂಡೊಯ್ಯುವುದಂತೂ ಬೇಡವೇ ಬೇಡ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ವೈದ್ಯರು ಲಕ್ಷಣ ನೋಡಿ ಕೊಡುತ್ತಾರೆ. ಕಚ್ಚಿಸಿಕೊಂಡವರು ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಬೇಗ ಆಸ್ಪತ್ರೆ ಸೇರಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ.

ಆ ಪ್ರತಿವಿಷಕ್ಕೆ ಬೇಕಾದ ವಿಷ ಬಹುತೇಕ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಾದರೂ ಊರಿನಿಂದ ಊರಿಗೆ ವಿಷದ ಗುಣ ಬೇರೆಯಾಗುತ್ತದೆ ಅಂತ ಯಶವಂತಪುರದ ಮಗ್ಗುಲಲ್ಲೇ ಇರುವ ಐಐಎಸ್‌ಸಿಯ ಸಂಶೋಧಕರು ತೋರಿಸಿದ್ದಾರೆ. ಅಂದರೆ ವಿಜ್ಞಾನಿಗಳೂ ಕೇಳಬೇಕಾದ ಪ್ರಶ್ನೆ ಅಮ್ಮನದೇ. ಎಲ್ಲಿ ಕಂಡಿದ್ದು?

ಆದರೆ ಆ ಪ್ರಶ್ನೆಗೂ ಮಿತಿ ಇದೆ. ನಾಗರಹಾವೂ ನೀರು ಕುಡಿಯಲು ತೊಟ್ಟಿಗೆ ಬರಬಹುದು. ಹಾಗಾಗಿ ಹಾವು ಗುರುತಿಸಲು ಕಲಿಯಿರಿ, ಸುಮ್ಮನೆ ಒಂದು ಜೀವ ದೊಣ್ಣೆಗೆ ಸಿಗುವುದು ತಪ್ಪುತ್ತದೆ. ಆದರೆ ಗುರುತು ಸಿಕ್ಕಿತು ಅಂತ ಹತ್ತಿರ ಹೋಗಬೇಡಿ. ನಾನು ಆವತ್ತು ಎರಡು ಅಡಿ ಅಂತರದಲ್ಲಿ ಉಳಿದದ್ದು ಜಾಣತನದಿಂದಲ್ಲ, ಆ ಮರಿ ಬುಸುಗುಟ್ಟಿ ಎಚ್ಚರಿಸಿದ್ದರಿಂದ.

ಮೊನ್ನೆ ಮಳೆ ಬಂದ ಮರುದಿನ ಆಂಟಿ ಬೆಳಿಗ್ಗೆಯೇ ಬಾಗಿಲು ತಟ್ಟಿದರು. “ಏನಪ್ಪ, ನಿನ್ನ ಮೀನಂಕಲ್ ಬಂದ ಹಾಗಿದೆ, ಬಂದು ನೋಡು” ಅಂದರು. ಜಾಲರಿಯಾಚೆ, ತಾವರೆ ಎಲೆಯ ಪಕ್ಕ, ಪುಟ್ಟ ತಲೆ. ಕಣ್ಣಿನ ಕೆಳಗೆ ಎರಡು ಕಪ್ಪು ಗೆರೆ. ನಾವು ಮೂವರೂ ಜಗಲಿಯಲ್ಲೇ ನಿಂತು ನೋಡಿದೆವು.