ಐದನೆಯದು

'ಪಂಚ್' ಎಂಬ ಹೆಸರು ನಮ್ಮ 'ಪಂಚ'ದಿಂದಲೇ ಹೋದದ್ದು ಎನ್ನುವವರಿದ್ದಾರೆ: ಮದ್ಯ, ಸಕ್ಕರೆ, ಹುಳಿಹಣ್ಣು, ನೀರು, ಮಸಾಲೆ. ಗೆಳತಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿದ ಸಂಜೆ ಪಾರ್ಟಿಗೆಂದು ಆರು ಮೋಸಂಬಿ, ನಾಲ್ಕು ನಿಂಬೆ ಹಿಂಡಿ, ಸಕ್ಕರೆ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿದೆ. (ಬೀಜ ಜಜ್ಜಿದರೆ ಕಹಿ.) ಸೋಡಾ ಕೊನೆಗೆ, ಇಲ್ಲದಿದ್ದರೆ ಗ್ಯಾಸ್ ಹಾರಿಹೋಗುತ್ತದೆ.

ವೋಡ್ಕಾ ಸುರಿಯುವ ಮುಂಚೆ ಒಂದು ಚಮಚ ಕುಡಿದು ನೋಡಿದೆ. ಕೊಳಗಲ್ಲಿನ ಬಿಸಿಲಿಗೆ ಅವ್ವ ಮಾಡುವ ಪಾನಕವೇ. ಬೆಲ್ಲ ಇಲ್ಲ, ಅಷ್ಟೆ. ಐದರಲ್ಲಿ ನಾಲ್ಕು ನಮ್ಮ ಅಡುಗೆಮನೆಯಲ್ಲಿ ಮೊದಲಿಂದಲೂ ಇದ್ದವು. ಐದನೆಯದು ಅಪ್ಪನ ಜೇಬಿನಲ್ಲಿ ಬರುತ್ತಿತ್ತು, ಸಾರಾಯಿ ಪಾಕೀಟಾಗಿ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಅಪ್ಪ ನಿಲ್ಲಿಸಲಿಲ್ಲ, ಬಾಟಲಿಗೆ ದಾಟಿದ.

ಎರಡು ಪಾತ್ರೆಗೆ ಬಗ್ಗಿಸಿ, ಒಂದಕ್ಕಷ್ಟೇ ವೋಡ್ಕಾ ಬೆರೆಸಿದೆ. ಅಷ್ಟರಲ್ಲಿ ಅವ್ವನ ಫೋನು: "ಏನ್ ಮಾಡಾಕತ್ತೀಯವ್ವಾ?"

"ಪಾನಕ" ಅಂದೆ.