ಮಿರಜದ ತಂಬೂರಿಗೆ ಕಾದದ್ದು

"ಮುಂದಿನ ವಾರ ಬರ್ರಿ" ಅನ್ನೋ ಮಾತನ್ನು ಹೋದ ವರ್ಷ ಎಷ್ಟು ಸಲ ಕೇಳಿದೆನೋ ಲೆಕ್ಕ ಇಟ್ಟಿಲ್ಲ.

ನಮ್ಮದು ಬೈಲಹೊಂಗಲ ತಾಲ್ಲೂಕಿನ ಹಳ್ಳಿ. ಕಾಕಾ ಮೂವತ್ತು ವರ್ಷದಿಂದ ಮಠದಲ್ಲಿ ವಚನ ಹಾಡುತ್ತಾರೆ. ಅವರ ಹಳೇ ತಂಬೂರಿ ಅಟ್ಟದಿಂದ ಬಿದ್ದು ಬುರುಡೆ ಸೀಳಿತು. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಟ್ಟೆ. ಮೂರನೇ ದಿನ ಹಾಡಿನ ನಡುವೆಯೇ ಯಾವುದೋ ಸಾಲ ಕೊಡುವವರ ಫೋನ್ ಬಂತು. "ತಮ್ಮಾ, ಇದು ನನಗ ಬ್ಯಾಡಪಾ" ಅಂದರು.

ಯುಗಾದಿ ಮುಗಿಸಿ ಬೆಳಗಾವಿಗೆ ಬಸ್ಸು, ಅಲ್ಲಿಂದ ಮಿರಜಕ್ಕೆ ರೈಲು. ಆ ಊರಿನ ತಂಬೂರಿ ಕಸುಬು ಹತ್ತೊಂಬತ್ತನೇ ಶತಮಾನದ್ದು. ಕತ್ತಿ, ಆಯುಧ ಸಾಣೆ ಹಿಡಿಯುತ್ತಿದ್ದ ಮನೆತನದ ಫರೀದಸಾಹೇಬರು ಶುರು ಮಾಡಿದ್ದು. 2024ರಲ್ಲಿ ಮಿರಜದ ಸಿತಾರು, ತಂಬೂರಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ಸಮಾಧಿ ಇರುವುದೂ ಅಲ್ಲೇ, ದರ್ಗಾದ ಆವರಣದಲ್ಲಿ. ಕಾಕಾ ಅಲ್ಲಿಗೆ ಹೋಗಿ ಕೈಮುಗಿದೇ ಅಂಗಡಿ ಹುಡುಕಿದ್ದು.

ಅಂಗಡಿಯವರ ಹೆಸರು ಬೇಡ. ಅರ್ಧ ದುಡ್ಡು ಮುಂಗಡ ಕೊಟ್ಟೆವು. "ಶ್ರಾವಣಕ್ಕ ಕೊಡ್ತೀನ್ರಿ" ಅಂದರು.

ಕಾಕಾನ ಗಂಟಲಲ್ಲಿ ಥೈರಾಯ್ಡ್ ಗಡ್ಡೆ ಇತ್ತು. ದೀಪಾವಳಿ ಆದಮೇಲೆ ಆಪರೇಷನ್. ದನಿಯ ನರ ಅಲ್ಲೇ ಹತ್ತಿರ ಇರುತ್ತದೆ, ಮುಂದೆ ದನಿ ಹೇಗಿರುತ್ತದೋ ಹೇಳಲಿಕ್ಕೆ ಬರುವುದಿಲ್ಲ ಅಂತ ಡಾಕ್ಟರ್ ಹೇಳಿದ್ದರು. ಶ್ರಾವಣದ ತಿಂಗಳು ಪೂರ್ತಿ ಮಠದಲ್ಲಿ ಹಾಡಬೇಕು ಅನ್ನುವುದೊಂದೇ ಅವರ ಆಸೆ.

ಜ್ಯೇಷ್ಠದಿಂದ ಅಂಗಡಿಯವರು ಫೋನ್ ಎತ್ತುವುದು ಕಡಿಮೆ ಮಾಡಿದರು. ಎತ್ತಿದರೆ "ಪಾಲಿಶ್ ನಡದೈತ್ರಿ" ಅನ್ನುತ್ತಿದ್ದರು. ಆಷಾಢದಲ್ಲಿ ಹೇಳದೆ ಕೇಳದೆ ಹೋದೆ. ಪಾಲಿಶ್ ಎಲ್ಲಿಯದು? ನಮ್ಮ ಬುರುಡೆ ಬಾಯೊಳಗೆ ಕಡ್ಡಿ ಸಿಗಿಸಿಕೊಂಡು ಮೂಲೆಯಲ್ಲಿ ಒಣಗುತ್ತಿತ್ತು.

ಸಿಟ್ಟು ನೆತ್ತಿಗೇರಿತು. ನಾಲ್ಕು ಮಾತು ಆಡಿದೆ. ಅವರು ಚಹಾ ತರಿಸಿದರು. ಆಮೇಲೆ ಹೇಳಿದರು: ಬುರುಡೆ ಅಂದರೆ ಕಹಿ ಸೋರೆಯ ಜಾತಿ, ಪಂಢರಪುರದ ಕಡೆಯ ಹೊಲಗಳಿಂದ ಬರುತ್ತದೆ. ಒಣಗಿದ್ದನ್ನು ಕೊಯ್ದು, ನೀರಲ್ಲಿ ನೆನೆಸಿ, ತಿರುಳು ತೆಗೆದು, ಕಡ್ಡಿ ಕೊಟ್ಟು ಬಾಯಿ ಅಗಲಿಸಿ ಮತ್ತೆ ಒಣಗಿಸಬೇಕು. ಗಂಡಸರ ತಂಬೂರಿಗೆ ದೊಡ್ಡದೇ ಬೇಕು. ನಮಗೆ ಅಂತ ಇಟ್ಟಿದ್ದು ಬಾಯಿ ಅಗಲಿಸುವಾಗ ಸೀಳಿತ್ತು. ಮಳೆಗಾಲದಲ್ಲಿ ಅರಗಿನ ಪಾಲಿಶ್ ಹಚ್ಚಿದರೆ ಬೆಳ್ಳಗೆ ಮಬ್ಬು ಕಟ್ಟುತ್ತದೆ.

"ಒಡದೈತಿ ಅಂತ ಅವಾಗ ಹೇಳಿದ್ರ ನಾವೇನ್ ಬೈತಿದ್ದಿಲ್ರಿ" ಅಂದೆ. ಅವರು ತಲೆ ಕೆಳಗೆ ಹಾಕಿದರು. ನಮ್ಮೂರ ಬಡಿಗೇರರೂ ಕೂರಿಗಿಗೆ ಹೀಗೇ "ನಾಳೆ" ಅನ್ನುತ್ತಾರೆ. ಕಟ್ಟಿಗೆ ಹಸಿ ಐತಿ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸದ ತಡಕ್ಕಿಂತ ಈ ಮುಚ್ಚುಮರೆಯೇ ನನಗೆ ಹೆಚ್ಚು ಸುಟ್ಟಿದ್ದು. ಪ್ರತಿ ಸೋಮವಾರ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಬೇಕು ಅಂತ ಮಾತಾಯಿತು. ಕಳಿಸಿದರು, ಒಂದೆರಡು ಸೋಮವಾರ ಬಿಟ್ಟರೆ.

ಶ್ರಾವಣ ಹಾರ್ಮೋನಿಯಂ ಮೇಲೇ ಕಳೆಯಿತು. ಕಾಕಾ ಹಾಡಿದರು, ಆದರೆ ಒಂದು ದಿನವೂ ಕಣ್ಣು ಮುಚ್ಚಿ ಹಾಡಲಿಲ್ಲ.

ದಸರಾ ಮುಗಿದ ಮೇಲೆ ತಂಬೂರಿ ಬಂತು. ಜವಾರಿ ಕೂಡಿಸಿದ್ದು ಆ ಅಂಗಡಿಯ ಹಿರಿಯರು. (ನಮಗೆ ಜವಾರಿ ಅಂದರೆ ಜೋಳ, ಬದನೆಕಾಯಿ. ಅವರಿಗೆ ತಂತಿ ಕುದುರೆಗೆ ತಾಗಿ ಝೇಂಕರಿಸುವ ಗುಣ.) ಕಾಕಾ ತಂತಿ ಮೀಟಿ, ಬುರುಡೆಗೆ ಕಿವಿ ಹಚ್ಚಿ ಬಹಳ ಹೊತ್ತು ಕೂತರು. ಆಪರೇಷನ್ನಿಗೆ ಮೊದಲು ಹದಿನೇಳು ರಾತ್ರಿ ಹಾಡಿದರು. ಎಲ್ಲವನ್ನೂ ಮೊಬೈಲಿನಲ್ಲಿ ತುಂಬಿಟ್ಟುಕೊಂಡಿದ್ದೇನೆ.

ಈಗ ಮಾತು ಬರುತ್ತದೆ, ಸ್ವಲ್ಪ ಗೊಗ್ಗರು. ಮೇಲಿನ ಸ್ವರ ಇನ್ನೂ ಏರುತ್ತಿಲ್ಲ. ದಿನಾ ಸಂಜೆ ತಂಬೂರಿ ಮೀಟುತ್ತಾ ಬರೀ ಷಡ್ಜ ಹಿಡಿಯುತ್ತಾರೆ.